ಮೊಬೈಲ್ ಫೋಟೊ ನೋಡಿ ನೊಣದ ಹೆಸರು ಹೇಳಬಹುದೇ? ಬೇಗಂಪೇಟೆಯಿಂದ ರೇಷ್ಮೆ ಮನೆಯವರೆಗೆ ಒಂದು ವಿಶ್ಲೇಷಣೆ

ಹೈದರಾಬಾದ್‌ನ ಬೇಗಂಪೇಟೆಯಲ್ಲಿ, ಹಳೆಯ ವಿಮಾನ ನಿಲ್ದಾಣದ ಹತ್ತಿರ, ಸರ್ ರೊನಾಲ್ಡ್ ರಾಸ್ ಹೆಸರಿನ ಸಂಸ್ಥೆಯೊಂದಿದೆ. ಸೇನಾ ವೈದ್ಯರಾಗಿದ್ದ ರಾಸ್ 1897ರ ಆಗಸ್ಟ್ 20ರಂದು ಸೊಳ್ಳೆಯೊಂದರ ಹೊಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಮಲೇರಿಯಾ ಪರಾವಲಂಬಿಯನ್ನು ಪತ್ತೆ ಮಾಡಿದರು. ಅದರ ನೆನಪಿಗಾಗಿಯೇ ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವಾಗಿ ಆಚರಿಸಲಾಗುತ್ತದೆ. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು.

ಈ ಕಥೆಯಲ್ಲಿ ಹೆಚ್ಚಾಗಿ ಚರ್ಚೆಗೆ ಬಾರದ ಸಂಗತಿಯೊಂದಿದೆ. ತಾವು ಕೊಯ್ದು ನೋಡಿದ ಸೊಳ್ಳೆ ಯಾವುದು ಎಂಬುದು ರಾಸ್ ಅವರಿಗೆ ಗೊತ್ತಿರಲಿಲ್ಲ! ಅವರು ಅದನ್ನು 'ಚುಕ್ಕೆ ರೆಕ್ಕೆಯ ಸೊಳ್ಳೆ' ಎಂದಷ್ಟೇ ಬರೆದುಕೊಂಡರು. ಅದಕ್ಕೂ ಮೊದಲು ಸುಮಾರು ಎರಡು ವರ್ಷ ಅವರು ಮಲೇರಿಯಾ ಹರಡದ ಬೇರೆ ಜಾತಿಯ ಸೊಳ್ಳೆಗಳನ್ನು ಕೊಯ್ಯುತ್ತಾ ಶ್ರಮ ಪಟ್ಟಿದ್ದರು. ಮನುಷ್ಯರಿಗೆ ಮಲೇರಿಯಾ ಹರಡುವುದು ಅನಾಫಿಲಿಸ್ ಸೊಳ್ಳೆ ಎಂದು 1898ರಲ್ಲಿ ಖಚಿತವಾಗಿ ತೋರಿಸಿದ್ದು ಇಟಲಿಯ ಪ್ರಾಣಿಶಾಸ್ತ್ರಜ್ಞ ಗ್ರಾಸ್ಸಿ. ಅವರಿಗೆ ಸೊಳ್ಳೆಗಳ ಜಾತಿ, ಹೆಸರು ಗೊತ್ತಿತ್ತು.

ಇಂದು ಪರಿಸ್ಥಿತಿ ತಿರುಗುಮುರುಗಾಗಿದೆ. ಮೊಬೈಲ್‌ನಲ್ಲಿ ಫೋಟೊ ತೆಗೆದರೆ ಆ್ಯಪ್ ಕ್ಷಣದಲ್ಲಿ ಹೆಸರು ಹೇಳುತ್ತದೆ, ಆದರೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವವರು ಕಡಿಮೆ. ಹಾಗಾದರೆ ಆ ಹೆಸರನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಫೋಟೊ ಗೆದ್ದ ಕಡೆ

ಸ್ಪೇನ್‌ನಲ್ಲಿ 'ಮಸ್ಕಿಟೊ ಅಲರ್ಟ್' ಎಂಬ ಆ್ಯಪ್ ಇದೆ. 2018ರಲ್ಲಿ ಅಲ್ಲಿನ ಆಸ್ಟುರಿಯಾಸ್ ಪ್ರಾಂತ್ಯದ ನಾಗರಿಕರೊಬ್ಬರು ಇದರಲ್ಲಿ ಕಳಿಸಿದ ಸೊಳ್ಳೆಯ ಫೋಟೊ ತಜ್ಞರ ಗಮನ ಸೆಳೆಯಿತು. ಅದು ಆ ದೇಶದಲ್ಲಿ ಅಲ್ಲಿಯವರೆಗೆ ಕಾಣದಿದ್ದ ಈಡಿಸ್ ಜಪಾನಿಕಸ್‌ನಂತೆ ಕಂಡಿತ್ತು. ತಜ್ಞರು ಫೋಟೊ ನೋಡಿ ಅಲ್ಲಿಗೇ ಸುಮ್ಮನಾಗಲಿಲ್ಲ. ಸ್ಥಳಕ್ಕೆ ಹೋಗಿ, ಸೊಳ್ಳೆಗಳನ್ನು ಹಿಡಿದು, ಪರೀಕ್ಷಿಸಿದ ಮೇಲೆಯೇ ಸುದ್ದಿಯನ್ನು ಖಚಿತಪಡಿಸಿದರು.

ಭಾರತದ ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು. ಬಳಿಕ ಇಥಿಯೋಪಿಯಾ ಸೇರಿದಂತೆ ಹಲವು ದೇಶಗಳಿಗೆ ಹಬ್ಬಿತು. ಇಂತಹ ಹೊಸ ಸೊಳ್ಳೆ ಎಲ್ಲಿಗೆ ಕಾಲಿಟ್ಟಿದೆ ಎಂದು ಬೇಗ ತಿಳಿಯಬೇಕಾದರೆ ಸಾವಿರಾರು ಜನರ ಕಣ್ಣು ಬೇಕು. ಆ ಕೆಲಸಕ್ಕೆ ಮೊಬೈಲ್‌ಗಿಂತ ಅಗ್ಗದ ಸಾಧನ ಇನ್ನೊಂದಿಲ್ಲ.

ಫೋಟೊ ಸೋಲುವ ಕಡೆ

ನಮ್ಮ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಕ್ಯುಲಿಸಿಫೇಸಿಸ್. ಇದು ಒಂದೇ ಜಾತಿಯಲ್ಲ, ಎ, ಬಿ, ಸಿ, ಡಿ, ಇ ಎಂಬ ಐದು ಸೋದರ ಜಾತಿಗಳ ಗುಂಪು ಎಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಇವುಗಳಲ್ಲಿ 'ಬಿ' ಮಲೇರಿಯಾ ಹರಡುವುದು ತೀರಾ ಕಡಿಮೆ. ನೋಡಲು ಮಾತ್ರ ಐದೂ ಒಂದೇ ತರಹ. ವರ್ಣತಂತು ಅಥವಾ ಡಿಎನ್ಎ ಪರೀಕ್ಷೆಯಿಂದ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಎಷ್ಟೇ ಒಳ್ಳೆಯ ಕ್ಯಾಮೆರಾ ಇದ್ದರೂ ಇಲ್ಲಿ ಪ್ರಯೋಜನವಿಲ್ಲ.

ಸೊಳ್ಳೆ, ನೊಣ ಎರಡೂ ಎರಡೇ ರೆಕ್ಕೆಯ ಕೀಟಗಳ ಒಂದೇ ಗಣಕ್ಕೆ ಸೇರಿದವು. ನೊಣದ ವಿಷಯದಲ್ಲೂ ಇದೇ ತೊಡಕಿದೆ. ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ರೇಷ್ಮೆ ಮನೆಯ ಶತ್ರು ಊಜಿ

ಊಜಿ ನೊಣ 1980ರಲ್ಲಿ ಪಶ್ಚಿಮ ಬಂಗಾಳದಿಂದ ತಂದ ರೇಷ್ಮೆ ಗೂಡುಗಳ ಜತೆ ಕರ್ನಾಟಕಕ್ಕೆ ಬಂತು ಎನ್ನಲಾಗುತ್ತದೆ. ಇದು ನಿಜವಾದ ಪರಾವಲಂಬಿ ನೊಣ. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಎರಡು ಮೂರು ದಿನದಲ್ಲಿ ಮರಿ ಹೊರಬಂದು ಹುಳುವಿನ ಚರ್ಮ ಕೊರೆದು ಒಳಗೆ ಸೇರುತ್ತದೆ. ಹುಳು ಚಿಕ್ಕದಿದ್ದರೆ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಕೊನೆಯ ಹಂತದಲ್ಲಿ ಮೊಟ್ಟೆ ಬಿದ್ದರೆ ಹುಳು ಗೂಡು ಕಟ್ಟುತ್ತದೆ, ಊಜಿ ಮರಿ ಆ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲಾಗದು. ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ.

ಊಜಿಯ ಬೆನ್ನಿನ ಮೇಲೆ ನಾಲ್ಕು ಕಪ್ಪು ಪಟ್ಟೆಗಳಿವೆ ಎಂದು ರೈತರಿಗೆ ಹೇಳಿಕೊಡಲಾಗುತ್ತದೆ. ಮಾತು ಸರಿಯೇ. ಆದರೆ ಅಡುಗೆಮನೆಯ ಸಾಮಾನ್ಯ ನೊಣದ ಬೆನ್ನಿನ ಮೇಲೂ ನಾಲ್ಕು ಪಟ್ಟೆಗಳಿವೆ! ಮೇಲಿನಿಂದ ತೆಗೆದ ಮಸುಕು ಫೋಟೊದಲ್ಲಿ ಎರಡೂ ಬೂದು ಬಣ್ಣದ ನೊಣಗಳೇ. ಊಜಿಯ ಕುಟುಂಬವನ್ನು ಗುರುತಿಸುವ ಮುಖ್ಯ ಲಕ್ಷಣಗಳು ಎದೆಯ ಪಕ್ಕದಲ್ಲಿ ಸಾಲಾಗಿರುವ ಬಿರುಸಾದ ರೋಮ ಮತ್ತು ಬೆನ್ನಿನ ಹಿಂತುದಿಯ ಕೆಳಗಿನ ಸಣ್ಣ ಉಬ್ಬು. ಇವು ಪಕ್ಕದಿಂದ, ತೀರಾ ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತವೆ.

ಇನ್ನೊಂದು ಅಪಾಯವೂ ಇದೆ. ಅದೇ ಕುಟುಂಬದ ಬೇರೆ ನೊಣಗಳು ಹೊಲದಲ್ಲಿ ಕಾಯಿಕೊರಕ ಹುಳುಗಳನ್ನು ಕೊಲ್ಲುತ್ತವೆ, ಅಂದರೆ ರೈತನ ಮಿತ್ರರು. 'ಪರಾವಲಂಬಿ ನೊಣ' ಎಂಬ ಹೆಸರು ಓದಿ ಹೊಲಕ್ಕೆ ಔಷಧಿ ಹೊಡೆದರೆ ಮಿತ್ರನೇ ಸಾಯುತ್ತಾನೆ. ರೇಷ್ಮೆ ಮನೆಯಲ್ಲಿ ಗಾಬರಿಯಿಂದ ಕೀಟನಾಶಕ ಸಿಂಪಡಿಸಿದರಂತೂ ಊಜಿಗಿಂತ ಮೊದಲು ರೇಷ್ಮೆ ಹುಳುಗಳೇ ಸಾಯುತ್ತವೆ. ಹಾಗಾಗಿಯೇ ಕಿಟಕಿ, ಬಾಗಿಲಿಗೆ ನೈಲಾನ್ ಪರದೆ ಕಟ್ಟುವುದು, ಊಜಿಯ ಕೋಶಗಳನ್ನು ನಾಶ ಮಾಡುವ ನೆಸೊಲಿಂಕ್ಸ್ ಎಂಬ ಪುಟ್ಟ ಕಣಜವನ್ನು ಬಿಡುವುದು ಶಿಫಾರಸಾದ ಕ್ರಮಗಳು.

ಹಾಗಾದರೆ ಏನು ಮಾಡಬೇಕು?

ಊಜಿಯ ವಿಷಯದಲ್ಲಿ ನೊಣದ ಫೋಟೊಗಿಂತ ಹುಳುವಿನ ಫೋಟೊ ಹೆಚ್ಚು ನಂಬಿಕೆಗೆ ಅರ್ಹ. ಮರಿ ಒಳಹೊಕ್ಕ ಜಾಗದಲ್ಲಿ ರೇಷ್ಮೆ ಹುಳುವಿನ ಮೈಮೇಲೆ ಕಪ್ಪು ಕಲೆ ಉಳಿಯುತ್ತದೆ. ಅದನ್ನು, ತೂತು ಬಿದ್ದ ಗೂಡನ್ನು, ನೆಲದ ಬಿರುಕಿನಲ್ಲಿ ಸಿಗುವ ಕೋಶವನ್ನು ಫೋಟೊ ತೆಗೆದು ರೇಷ್ಮೆ ಇಲಾಖೆಯವರಿಗೆ ತೋರಿಸಬಹುದು. ನೊಣ ಸಿಕ್ಕಿದರೆ ಮೇಲಿನಿಂದ, ಪಕ್ಕದಿಂದ, ಮುಂದಿನಿಂದ ಮೂರು ಫೋಟೊ ಇರಲಿ. ನೊಣವನ್ನು ಎಸೆಯದೆ ಊರು, ದಿನಾಂಕ ಬರೆದ ಸಣ್ಣ ಬಾಟಲಿಯಲ್ಲಿ ಇಟ್ಟುಕೊಳ್ಳಿ. ಸೊಳ್ಳೆಗೂ ಇದೇ ಕ್ರಮ.

ಸರ್ಕಾರದ ಪಾಲಿನ ಕೆಲಸವೂ ಇದೆ. ಕರ್ನಾಟಕ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡದ ನಿಯಮ ತಂದಿತು. 2030ರ ಹೊತ್ತಿಗೆ ಮಲೇರಿಯಾ ಮುಕ್ತವಾಗುವುದು ದೇಶದ ಗುರಿ. ಜನರು ಫೋಟೊ ಕಳಿಸಲು ಸಿದ್ಧರಿದ್ದಾರೆ. ಆದರೆ ಕಳಿಸಿದ ಫೋಟೊವನ್ನು ನೋಡಿ, ಬಾಟಲಿಯಲ್ಲಿರುವ ಕೀಟವನ್ನು ಪರೀಕ್ಷಿಸಿ, ಒಂದೆರಡು ದಿನದಲ್ಲಿ ಉತ್ತರ ಕೊಡುವ ಕೀಟತಜ್ಞರು ಪ್ರತಿ ಜಿಲ್ಲೆಯಲ್ಲೂ ಬೇಕು. ಆ ನೇಮಕಾತಿ ಇಲ್ಲದೆ ಎಷ್ಟು ಆ್ಯಪ್ ಬಂದರೂ ಲಾಭ ಅಷ್ಟಕ್ಕಷ್ಟೇ.

ಬೇಗಂಪೇಟೆಯ ನೆನಪು ಹೇಳುವುದೂ ಇದನ್ನೇ. ರಾಸ್ ಅವರ ಶೋಧಕ್ಕೆ ಸೂಕ್ಷ್ಮದರ್ಶಕ ಬೇಕಿತ್ತು, ಅದು ಪೂರ್ತಿಯಾಗಲು ಸೊಳ್ಳೆಯ ಹೆಸರು ಬಲ್ಲವರೂ ಬೇಕಾದರು. ಆದ್ದರಿಂದ ಆ್ಯಪ್ ಹೇಳಿದ ಹೆಸರನ್ನು ಪರೀಕ್ಷೆಗೆ ಕಳಿಸಲು ಬಳಸಿ, ಔಷಧಿ ಹೊಡೆಯಲು ಅಲ್ಲ.