ಮೊದಲು ರಸೀದಿ ಪುಸ್ತಕ, ಆಮೇಲೆ ಕ್ಯಾಮೆರಾ

ಎರಡು ವರ್ಷದ ಹಿಂದೆ ಒಂದು ಕಂಪನಿ ನನಗೆ ಹನ್ನೆರಡು ವಿಡಿಯೋಗಳ ಸ್ಕ್ರಿಪ್ಟ್ ಕಳಿಸಿತು. ಇಂಗ್ಲಿಷಿನಿಂದ ಕನ್ನಡಕ್ಕೆ, ಪದಕ್ಕಿಷ್ಟು ಎಂದು ದರ. ಫೋಟೋಗ್ರಫಿಯನ್ನು ಬಿಸಿನೆಸ್ ಮಾಡಿಕೊಳ್ಳುವುದು ಹೇಗೆ ಅಂತ ಹೊಸಬರಿಗೆ ಹೇಳಿಕೊಡುವ ಕೋರ್ಸ್ ಅದು. ಹೈದರಾಬಾದಿನ ಬಾಡಿಗೆ ಮನೆಯಲ್ಲಿ ಕೂತು ಹದಿನೈದು ದಿನದಲ್ಲಿ ಮುಗಿಸಿ ಕಳಿಸಿದೆ. ದುಡ್ಡು ಬಂದದ್ದು ಐದು ತಿಂಗಳಾದ ಮೇಲೆ, ಅದೂ ನಾನು ಹತ್ತಾರು ಸಲ ನೆನಪಿಸಿದ ಮೇಲೆ.

ಭಾಷಾಶಾಸ್ತ್ರ ಓದಿದವರಿಗೆ ಒಂದು ಕೆಟ್ಟ ಚಟ ಇರುತ್ತದೆ. ಒಂದು ಬರಹದಲ್ಲಿ ಯಾವ ಪದ ಇದೆ ಎನ್ನುವಷ್ಟೇ ಯಾವ ಪದ ಇಲ್ಲ ಎಂದೂ ನೋಡುತ್ತೇವೆ. ಆ ಹನ್ನೆರಡು ಸ್ಕ್ರಿಪ್ಟುಗಳಲ್ಲಿ ಕನಸು ಪುಟಪುಟಕ್ಕೂ ಇತ್ತು. ಪ್ಯಾಶನ್ ಅಂತೂ ಸಾಲುಸಾಲಿಗೂ ಇತ್ತು. ಮುಂಗಡ, ಬಾಕಿ, ಒಪ್ಪಂದ, ತೆರಿಗೆ, ಬ್ಯಾಕಪ್ ಈ ಐದು ಪದಗಳು ಒಮ್ಮೆಯೂ ಬರಲಿಲ್ಲ. ನನಗದು ಆಗಲೇ ಕಂಡಿತ್ತು. ಆದರೆ ಅನುವಾದಕರ ಕೆಲಸ ಇರುವುದನ್ನು ದಾಟಿಸುವುದು, ಇಲ್ಲದ್ದನ್ನು ಸೇರಿಸುವುದಲ್ಲ ಎಂದುಕೊಂಡು ಸುಮ್ಮನಾದೆ. ಪ್ಯಾಶನ್‌ಗೆ ಕನ್ನಡದಲ್ಲಿ ಏನು ಹಾಕಲಿ ಎಂದು ಮಾತ್ರ ಅರ್ಧ ದಿನ ತಲೆ ಕೆಡಿಸಿಕೊಂಡೆ. ಆಸಕ್ತಿ ಸಪ್ಪೆ, ಗೀಳು ಕಟು, ಹುಚ್ಚು ಸತ್ಯಕ್ಕೆ ಹತ್ತಿರ, ಆದರೆ ಗಿರಾಕಿ ಒಪ್ಪುವುದಿಲ್ಲ. ಕೊನೆಗೆ "ಒಲವೇ ಬಂಡವಾಳ" ಎಂದು ಬರೆದೆ. ಚೆನ್ನಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಅದಾಗಿ ಕೆಲವು ತಿಂಗಳಿಗೆ ಬೀದರಿನಿಂದ ಕಾಕಾನ ಮಗ ಫೋನ್ ಮಾಡಿದ. "ನೌಕ್ರಿ ಬಿಡ್ಲಕತ್ತೀನಿ ಅಕ್ಕಾ. ಮದ್ವಿ ಫೋಟೋಗ್ರಫಿ ಮಾಡ್ತೀನಿ. ಒಲವೇ ಬಂಡವಾಳ ಅಂತಾರಲ್ಲ" ಅಂದ. ನಾನು ಫೋನ್ ಹಿಡಿದುಕೊಂಡು ಸುಮ್ಮನೆ ಕೂತೆ. ಅದು ನನ್ನ ವಾಕ್ಯ ಎಂದು ಅವನಿಗೆ ಹೇಳಲಿಲ್ಲ. ಕಾಕಿಯ ಪಾಟ್ಲಿ ಅಡವಿಟ್ಟು ಅವನು ಕೋಠಿಗೆ ಬಂದು ಕ್ಯಾಮೆರಾ ಕೊಂಡ. ಅಂಗಡಿಗೆ ಜೊತೆಯಾಗಿ ಹೋದವಳೂ ನಾನೇ.

ಆ ಮೌನಕ್ಕೆ ಈ ಬರಹ. ಹೊಸಬರಿಗೆ ಈ ದಂಧೆಯ ಬಗ್ಗೆ ಕೊಡುತ್ತಿರುವ ಸಲಹೆಗಳಲ್ಲಿ ಬಹುಪಾಲು ಕ್ಯಾಮೆರಾ ಮಾರುವವರಿಗೆ, ಕೋರ್ಸ್ ಮಾರುವವರಿಗೆ ಲಾಭ ತರುವಂಥವು. ಫೋಟೋ ತೆಗೆದು ಬದುಕಬೇಕಾದವನಿಗೆ ಅವು ನಷ್ಟದ ದಾರಿ. ಒಂದೊಂದಾಗಿ ನೋಡೋಣ.

ಮೊದಲ ಸುಳ್ಳು: ನೌಕರಿ ಬಿಟ್ಟು ಧುಮುಕಿ

ಧುಮುಕಿದವರ ಕತೆ ಬೇಕಾದರೆ ಹೈದರಾಬಾದಿನಲ್ಲೇ ಒಂದಿದೆ. ರಾಜಾ ದೀನ್ ದಯಾಳ್. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರು, 1897ರಲ್ಲಿ ವಿಕ್ಟೋರಿಯಾ ರಾಣಿಯಿಂದ ರಾಜಮನ್ನಣೆ ಪಡೆದವರು. ಈ ಹೆಸರನ್ನು ಸ್ಫೂರ್ತಿಗಾಗಿ ಹೇಳುವವರು ಅವರ ಬದುಕಿನ ಲೆಕ್ಕವನ್ನು ಮಾತ್ರ ಹೇಳುವುದಿಲ್ಲ.

1844ರಲ್ಲಿ ಮೀರತ್ ಹತ್ತಿರದ ಸರ್ಧಾನಾದಲ್ಲಿ ಹುಟ್ಟಿದ ದೀನ್ ದಯಾಳ್ ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಗೆ ಸೇರಿದರು. ಕ್ಯಾಮೆರಾ ಹಿಡಿದದ್ದು 1874ರ ಸುಮಾರಿಗೆ. ನೌಕರಿ ಬಿಟ್ಟದ್ದು ಅದಾಗಿ ಹತ್ತು ವರ್ಷದ ಆಸುಪಾಸಿನಲ್ಲಿ. ಆ ಹೊತ್ತಿಗೆ ದೊಡ್ಡ ಅಧಿಕಾರಿಗಳ ಪರಿಚಯವಾಗಿತ್ತು, ಮಧ್ಯಭಾರತದ ಸ್ಮಾರಕಗಳ ಫೋಟೋ ತೆಗೆಯುವ ಕೆಲಸ ಸಿಕ್ಕಿತ್ತು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದದ್ದು 1886ರಲ್ಲಿ, ಮುಂಬಯಿಯಲ್ಲಿ 1896ರಲ್ಲಿ. ಇದು ಧುಮುಕಿದವರ ನಡೆಯಲ್ಲ, ಒಂದೊಂದೇ ಮೆಟ್ಟಿಲು ಮುಟ್ಟಿ ನೋಡಿ ಕಾಲಿಟ್ಟವರ ನಡೆ.

ಅವರಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಇದೆ. 1892ರಲ್ಲಿ ಅವರು ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ತೆರೆದರು. ಅದರ ಉಸ್ತುವಾರಿ ಒಬ್ಬ ಇಂಗ್ಲಿಷ್ ಮಹಿಳೆಯದು. ಊರಿನ ಅರ್ಧದಷ್ಟು ಜನ ಫೋಟೋ ತೆಗೆಸಿಕೊಳ್ಳಲಾಗದೆ ಮನೆಯೊಳಗೆ ಇದ್ದಾರೆ ಎಂದು ಅವರಿಗೆ ಕಂಡಿತು. ಮಾರುಕಟ್ಟೆ ನೋಡುವುದು ಎಂದರೆ ಇದು. ಇಂದಿಗೂ ಹೈದರಾಬಾದಿನ ಅನೇಕ ಮುಸ್ಲಿಂ ಮದುವೆಗಳಲ್ಲಿ ಹೆಂಗಸರ ಕಡೆಗೆ ಮಹಿಳಾ ಫೋಟೋಗ್ರಾಫರೇ ಬೇಕು. ಹೊಸ ಲೆನ್ಸಿನ ಬಗ್ಗೆ ಯೋಚಿಸುವ ಮೊದಲು, ನನ್ನೂರಿನಲ್ಲಿ ಯಾರ ಫೋಟೋ ಯಾರೂ ಸರಿಯಾಗಿ ತೆಗೆಯುತ್ತಿಲ್ಲ ಎಂದು ಕೇಳಿಕೊಳ್ಳಿ. ಶಾಲೆಗಳೇ? ಹೊಲ ಮನೆ ಮಾರುವವರೇ? ಆನ್‌ಲೈನಿನಲ್ಲಿ ಸೀರೆ ಮಾರುವ ಹೆಂಗಸರೇ?

ಎರಡನೆಯ ಸುಳ್ಳು: ಮೊದಲ ಕೆಲಸಗಳನ್ನು ಪುಕ್ಕಟೆ ಮಾಡಿ

ಇದಕ್ಕೆ ಎಕ್ಸ್‌ಪೋಷರ್ ಎಂಬ ಹೆಸರಿದೆ. ಕ್ಯಾಮೆರಾದಲ್ಲಿ ಅದು ಜಾಸ್ತಿಯಾದರೆ ಚಿತ್ರ ಬೆಳ್ಳಗಾಗಿ ಏನೂ ಉಳಿಯುವುದಿಲ್ಲ. ಬದುಕಿನಲ್ಲೂ ಅಷ್ಟೆ. ನನ್ನ ವೃತ್ತಿಯಲ್ಲಿ ಇದರ ಹೆಸರು ಸ್ಯಾಂಪಲ್. ಐನೂರು ಪದ ಸ್ಯಾಂಪಲ್ ಮಾಡಿಕೊಡಿ ಎಂದು ಹತ್ತು ಜನರಿಗೆ ಹತ್ತು ತುಂಡು ಹಂಚಿ, ಪೂರಾ ಪುಸ್ತಕವನ್ನು ಪುಕ್ಕಟೆ ಅನುವಾದ ಮಾಡಿಸಿಕೊಂಡರೆ ನಮಗೆ ಗೊತ್ತೂ ಆಗುವುದಿಲ್ಲ.

ಪುಕ್ಕಟೆ ಕೆಲಸದಿಂದ ಸಿಗುವ ಪರಿಚಯ ಪುಕ್ಕಟೆ ಕೆಲಸ ಕೇಳುವವರದ್ದೇ. ಅವರು ಪಕ್ಕದ ಮನೆಯವರಿಗೆ ಹೇಳುವುದೂ "ಚಲೋ ತೆಗೀತಾನ, ದುಡ್ಡೂ ಕೇಳಂಗಿಲ್ಲ" ಎಂದೇ.

ಹಾಗಾದರೆ ಮೊದಲ ಕೆಲಸ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರವೂ ಇದೆ. ಹಳೆಯ ಸ್ಟುಡಿಯೋದವರ ಕೈಕೆಳಗೆ ಸೆಕೆಂಡ್ ಶೂಟರ್ ಆಗಿ ದಿನಗೂಲಿಗೆ ಹೋಗಿ. ಲೈಟ್ ಹಿಡಿಯಿರಿ, ಮಿಕ್ಸಿಂಗ್ ಕಲಿಯಿರಿ, ಆಲ್ಬಂ ಲ್ಯಾಬಿನವರೊಂದಿಗೆ ವ್ಯವಹಾರ ಹೇಗೆ ಎಂದು ನೋಡಿ. ತೆಲುಗು ಮದುವೆಗಳಲ್ಲಿ ಮುಹೂರ್ತ ಎಷ್ಟೋ ಸಲ ನಡುರಾತ್ರಿ. ವಧೂವರರು ಒಬ್ಬರ ತಲೆಯ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡುವ ಆ ಕ್ಷಣ, ನಡುವೆ ತೆರೆ, ಸುತ್ತಲೂ ಹತ್ತಾರು ಮೊಬೈಲು. ಎಲ್ಲಿ ನಿಲ್ಲಬೇಕು ಎಂದು ಯಾವ ವಿಡಿಯೋವೂ ಕಲಿಸುವುದಿಲ್ಲ. ಇಪ್ಪತ್ತು ಮದುವೆಯಲ್ಲಿ ಇನ್ನೊಬ್ಬರ ಹಿಂದೆ ನಿಂತವನಿಗೆ ಗೊತ್ತಾಗುತ್ತದೆ. ಅಲ್ಲಿ ಕಲಿಕೆಯೂ ಇದೆ, ಕೂಲಿಯೂ ಇದೆ, ತಪ್ಪಿದರೆ ಮದುವೆ ಪೂರ್ತಿ ಕೆಡುವುದೂ ಇಲ್ಲ.

ಮೂರನೆಯ ಸುಳ್ಳು: ಕಡಿಮೆ ರೇಟಿನಿಂದ ಶುರು ಮಾಡಿ

ತಮ್ಮ ದಿನಕ್ಕೆ 8,000 ರೂಪಾಯಿ ಎಂದು ಶುರು ಮಾಡಿದ. ಕೇಳಲು ದೊಡ್ಡ ಮೊತ್ತ. ಒಂದು ಭಾನುವಾರ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಕ್ಯಾಮೆರಾ, ಎರಡು ಲೆನ್ಸ್, ಫ್ಲ್ಯಾಶ್, ಕಾರ್ಡ್ ಎಲ್ಲ ಸೇರಿ ಮೂರು ಲಕ್ಷ. ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 75,000. ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್, ಸಾಫ್ಟ್‌ವೇರಿಗೆ ವರ್ಷಕ್ಕೆ 40,000. ಓಡಾಟ, ರಿಪೇರಿ, ಫೋನು, ವಿಮೆಗೆ 45,000. ಒಟ್ಟು 1,60,000. ವರ್ಷದಲ್ಲಿ ನಲವತ್ತು ದಿನ ಮದುವೆ ಸಿಕ್ಕಿತು ಎನ್ನಿ, ಹೊಸಬನಿಗೆ ಅದೇ ಹೆಚ್ಚು. ಬಂದದ್ದು 3,20,000. ಉಳಿದದ್ದು 1,60,000. ಒಂದು ದಿನದ ಶೂಟಿಂಗಿಗೆ ಮೂರು ದಿನ ಕಂಪ್ಯೂಟರಿನ ಮುಂದೆ ಕೂರಬೇಕು. ಅಂದರೆ 160 ದಿನದ ದುಡಿತ, ದಿನಕ್ಕೆ ಒಂದು ಸಾವಿರ. ಇದರಲ್ಲಿ ಪಾಟ್ಲಿಯ ಬಡ್ಡಿ ಇನ್ನೂ ಕಳೆದಿಲ್ಲ.

ಮನೆ ಖರ್ಚಿಗೆ ತಿಂಗಳಿಗೆ 25,000 ಬೇಕು ಎಂದಿಟ್ಟುಕೊಂಡರೆ ಅವನು ದಿನಕ್ಕೆ ಕನಿಷ್ಠ 11,500 ಕೇಳಬೇಕಿತ್ತು. ಆಲ್ಬಂ, ಎರಡನೆಯ ಆಳು ಬೇರೆ. ರೇಟು ಪಕ್ಕದವನು ಎಷ್ಟು ಕೇಳುತ್ತಾನೆ ಎಂಬುದರಿಂದ ಹುಟ್ಟಬಾರದು, ಈ ಲೆಕ್ಕದಿಂದ ಹುಟ್ಟಬೇಕು. ಆ ರೇಟಿಗೆ ಗಿರಾಕಿ ಸಿಗದಿದ್ದರೆ ನೌಕರಿ ಬಿಡುವ ಹೊತ್ತು ಬಂದಿಲ್ಲ ಎಂದರ್ಥ.

ಪಂಚಾಂಗವನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಷಾಢದಲ್ಲಿ ಮದುವೆಯಿಲ್ಲ, ಶೂನ್ಯಮಾಸದಲ್ಲಿ ಇಲ್ಲ. ಗುರು ಶುಕ್ರರ ಅಸ್ತದಲ್ಲಿ, ತೆಲುಗಿನವರು ಮೂಢಂ ಎನ್ನುತ್ತಾರಲ್ಲ, ಆಗಲೂ ಇಲ್ಲ. ಮೊಹರಮ್ಮಿನಲ್ಲಿ, ರಂಜಾನಿನಲ್ಲಿ ಮುಸ್ಲಿಂ ಮದುವೆಗಳೂ ವಿರಳ. ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಕಂತಿಗೆ ಆಷಾಢವಿಲ್ಲ.

ಹೇಳದೆ ಬಿಟ್ಟದ್ದು

ಸುಳ್ಳಿಗಿಂತ ದೊಡ್ಡ ಅಪರಾಧ ಹೇಳದೆ ಬಿಟ್ಟಿರುವುದು. ಮೊದಲನೆಯದು ಕಾಗದ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಹಣ ಪಡೆದು ಇನ್ನೊಬ್ಬರ ಕೋರಿಕೆಯಂತೆ ತೆಗೆದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರು, ಬೇರೆ ಒಪ್ಪಂದ ಇಲ್ಲದಿದ್ದರೆ. ತೆಗೆದವನಲ್ಲ! ಗಿರಾಕಿಯ ಮದುಮಗಳನ್ನು ನಿಮ್ಮ ಇನ್‌ಸ್ಟಾಗ್ರಾಂ ಪುಟಕ್ಕೆ ಹಾಕುವ ಮುನ್ನ ಅವರ ಒಪ್ಪಿಗೆ ಬರಹದಲ್ಲಿ ಬೇಕು. ಒಂದೇ ಒಂದು ಪುಟ ಸಾಕು: ಯಾವ ದಿನ, ಎಷ್ಟು ಗಂಟೆ, ಎಷ್ಟು ಫೋಟೋ, ಯಾವಾಗ ಕೊಡುತ್ತೇನೆ, ಮುಂಗಡ ಎಷ್ಟು, ಮದುವೆ ಮುಂದೆ ಹೋದರೆ ಏನು, ಫೋಟೋ ಯಾರದು.

ಎರಡನೆಯದು ಬಾಕಿ. ಮದುವೆ ಮುಗಿದ ಮೇಲೆ ಯಾರಿಗೂ ಫೋಟೋಗ್ರಾಫರ್ ನೆನಪಿರುವುದಿಲ್ಲ, ಅಡುಗೆಯವರಿಗೂ ಪೆಂಡಾಲಿನವರಿಗೂ ಕೊಟ್ಟು ಮಿಕ್ಕಿದ್ದು ನಮಗೆ. ಆದ್ದರಿಂದ ತಾರೀಖು ಹಿಡಿದಿಡುವಾಗ ಒಂದು ಪಾಲು, ಮದುವೆಯ ದಿನ ಇನ್ನೊಂದು, ಆಲ್ಬಂ ಕೈಗೆ ಕೊಡುವಾಗ ಉಳಿದದ್ದು. ಕಂಪನಿಗಳಿಗೆ ಕೆಲಸ ಮಾಡುವವರು ಉದ್ಯಮ್ ನೋಂದಣಿ ಮಾಡಿಸಿ. ಸರ್ಕಾರದ ಜಾಲತಾಣದಲ್ಲಿ ಅದು ಉಚಿತ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. 2006ರ ಕಾಯ್ದೆಯಂತೆ ಸಣ್ಣ ಉದ್ದಿಮೆಗಳ ಬಿಲ್ಲನ್ನು ಹೆಚ್ಚೆಂದರೆ 45 ದಿನದೊಳಗೆ ಪಾವತಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ಐದು ತಿಂಗಳು ಕಾಯುವಾಗ ನನಗೆ ಇದು ಗೊತ್ತಿರಲಿಲ್ಲ. ಈಗ ನನ್ನ ಬಿಲ್ಲಿನ ಕೆಳಗೆ ಒಂದು ಸಾಲಾಗಿ ಅಚ್ಚಾಗಿದೆ. ಇನ್ನು ಜಿಎಸ್‌ಟಿ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಕರ್ನಾಟಕ, ತೆಲಂಗಾಣ ಎರಡರಲ್ಲೂ ಸಾಮಾನ್ಯವಾಗಿ ಸೇವೆ ಕೊಡುವವರಿಗೆ ನೋಂದಣಿ ಕಡ್ಡಾಯವಲ್ಲ. ಡ್ರೋನಿಗೆ ಮಾತ್ರ ಆ ಸಲಿಗೆ ಇಲ್ಲ. 2021ರ ನಿಯಮಗಳಂತೆ 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನನ್ನು ಸಂಪಾದನೆಗೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕು. ಚಾರ್‌ಮಿನಾರ್, ಗೋಲ್ಕೊಂಡದಂಥ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಬೇಕಾದರೂ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಮೂರನೆಯದನ್ನು ಬರೆಯಲು ಕೈ ತಡೆಯುತ್ತದೆ. ಎರಡನೆಯ ವರ್ಷ ಹುಮನಾಬಾದ್ ಕಡೆಯ ಒಂದು ಮದುವೆ. ತಮ್ಮನ ಕ್ಯಾಮೆರಾದಲ್ಲಿ ಒಂದೇ ಕಾರ್ಡ್. ಮನೆಗೆ ಬಂದು ನೋಡಿದರೆ ಕಾರ್ಡ್ ತೆರೆಯಲೇ ಇಲ್ಲ. ಹೈದರಾಬಾದಿನಲ್ಲಿ ಎರಡು ಕಡೆ ಕೊಟ್ಟು ನೋಡಿದೆವು. ಬಂದದ್ದು ಅರ್ಧಂಬರ್ಧ ಬೂದು ಪಟ್ಟಿಗಳು. ಅವನು ಪೂರಾ ದುಡ್ಡು ವಾಪಸ್ ಕೊಟ್ಟ. ಆ ಮನೆಯವರು ಬೈಯಲಿಲ್ಲ. ಮದುಮಗಳ ಅಜ್ಜಿ ಬಹಳ ವರ್ಷದ ಮೇಲೆ ಹೊಸ ಇಳಕಲ್ ಸೀರೆ ಉಟ್ಟು ಮಂಟಪಕ್ಕೆ ಬಂದಿದ್ದರು. ಎರಡು ತಿಂಗಳಿಗೆ ತೀರಿಕೊಂಡರು. ಅವರ ಮಗ ಫೋನ್ ಮಾಡಿ, "ಅವ್ವಂದು ಒಂದಾದ್ರೂ ಉಳದದ ಏನು ನೋಡ್ರಿ" ಎಂದು ಕೇಳಿದರು. ಒಂದೂ ಉಳಿದಿರಲಿಲ್ಲ.

ದೀನ್ ದಯಾಳರ ಚಿತ್ರಗಳ ಮೇಲೆ ಹೆಸರಿನ ಜೊತೆ ನೆಗೆಟಿವ್ ಸಂಖ್ಯೆ ಇರುತ್ತದೆ. ಎಣಿಸಿಟ್ಟದ್ದು ಉಳಿಯುತ್ತದೆ. ಅವರು 1905ರಲ್ಲಿ ತೀರಿಕೊಂಡರು, ಅವರ ಸಾವಿರಾರು ಗಾಜಿನ ನೆಗೆಟಿವ್‌ಗಳು ಇಂದಿಗೂ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಗಾಜು ಒಡೆಯುವ ವಸ್ತು. ಆದರೂ ಉಳಿಯಿತು. ನಮ್ಮ ಹುಡುಗರ ಕಾರ್ಡ್ ಒಂದು ರಾತ್ರಿ ಉಳಿಯಲಿಲ್ಲ. ಆದ್ದರಿಂದ ಎರಡು ಕಾರ್ಡಿಗೆ ಒಟ್ಟಿಗೆ ಬರೆಯುವ ಕ್ಯಾಮೆರಾವನ್ನೇ ಕೊಳ್ಳಿ, ಹಳೆಯದಾದರೂ ಸರಿ. ಅದೇ ರಾತ್ರಿ ಎರಡು ಡಿಸ್ಕಿಗೆ ನಕಲು ಮಾಡಿ. ಒಂದು ನಕಲು ಇನ್ನೊಂದು ಮನೆಯಲ್ಲಿರಲಿ. ಕಾರ್ಡನ್ನು ಆಲ್ಬಂ ಕೊಡುವವರೆಗೆ ಅಳಿಸಬೇಡಿ.

ಇಷ್ಟು ಲೆಕ್ಕ ಹಾಕಿದರೆ ಕಲೆ ಎಲ್ಲಿ ಉಳಿಯುತ್ತದೆ ಎಂದು ಕೇಳುವವರು ಇರುತ್ತಾರೆ. ಸಾಮಾನ್ಯವಾಗಿ ಅವರಿಗೆ ತಿಂಗಳ ಸಂಬಳ ಇರುತ್ತದೆ. ಲೆಕ್ಕ ತಪ್ಪಿದ ಹುಡುಗ ಕಲೆ ಬಿಟ್ಟು ಸಾಲ ತೀರಿಸಲು ಓಡುತ್ತಾನೆ. ಲೆಕ್ಕ ಇದ್ದವನಿಗೆ ಮಾತ್ರ ಮುಂದಿನ ವರ್ಷವೂ ಕ್ಯಾಮೆರಾ ಹಿಡಿಯುವ ಭಾಗ್ಯ.

ತಮ್ಮ ದಂಧೆ ಬಿಟ್ಟಿಲ್ಲ. ಈಗ ಒಬ್ಬ ಹಿರಿಯ ಫೋಟೋಗ್ರಾಫರ ಹಿಂದೆ ಸೆಕೆಂಡ್ ಶೂಟರ್ ಆಗಿ ಹೋಗುತ್ತಾನೆ, ನಡುವೆ ತನ್ನದೇ ಮದುವೆಗಳನ್ನು ಹಿಡಿಯುತ್ತಾನೆ. ಪಾಟ್ಲಿ ಇನ್ನೂ ಬಿಡಿಸಿಕೊಂಡಿಲ್ಲ. "ಒಲವೇ ಬಂಡವಾಳ" ಯಾರ ವಾಕ್ಯ ಎಂದು ಹೋದ ತಿಂಗಳು ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಕರಾರುಪತ್ರ ನೀನೇ ಬರ್ದು ಕೊಡು" ಅಂದ.

ಬರೆದುಕೊಟ್ಟಿದ್ದೇನೆ, ಒಂದು ಪುಟ, ಮದುವೆ ಮನೆಯ ಹಿರಿಯರಿಗೂ ಓದಲು ಬರುವ ಕನ್ನಡದಲ್ಲಿ. ನಿಮ್ಮಲ್ಲಿ ಯಾರಿಗಾದರೂ ಬೇಕಿದ್ದರೆ ಈ ಪತ್ರಕ್ಕೆ ಉತ್ತರ ಬರೆಯಿರಿ, ಕಳಿಸುತ್ತೇನೆ. ಪುಕ್ಕಟೆ ಕೆಲಸ ಮಾಡಬೇಡಿ ಎಂದು ಇಷ್ಟು ಬೈದವಳು ಇದೊಂದಕ್ಕೆ ದುಡ್ಡು ಕೇಳುವುದಿಲ್ಲ. ಇದು ಬಾಕಿ ಚುಕ್ತಾ ಮಾಡುವ ಲೆಕ್ಕ.