ಸುಣ್ಣದ ಪ್ಯಾಕೆಟ್ ಮಕ್ಕಳ ಕೈಗೆ ಕೊಡಬೇಡಿ

ಬೀಡಾ ಅಂಗಡಿಯ ಮುಂದೆ ಗೊಂಚಲಾಗಿ ತೂಗುವ ಸುಣ್ಣದ ಪ್ಯಾಕೆಟ್ಟುಗಳನ್ನು ಯಾರು ನೋಡಿಲ್ಲ? ಬೆರಳುದ್ದದ ಪ್ಲಾಸ್ಟಿಕ್ ಚೀಲ, ಒಳಗೆ ಬೆಣ್ಣೆಯಂಥ ಸುಣ್ಣ, ಚಿಲ್ಲರೆ ಕಾಸಿನ ಬೆಲೆ. ಎಲೆ ಅಡಿಕೆಗೆ ಸುಣ್ಣ ಮುಗಿಯಿತೆಂದು ತಾತ ಮೊಮ್ಮಗನನ್ನೇ ಅಂಗಡಿಗೆ ಓಡಿಸುತ್ತಾನೆ. ಹುಡುಗ ದಾರಿಯುದ್ದಕ್ಕೂ ಅದನ್ನು ಹಿಸುಕುತ್ತಾ ಬರುತ್ತಾನೆ. ಹಿಸುಕದೆ ಬಿಡುವ ಮಕ್ಕಳುಂಟೇ? ಪ್ಯಾಕೆಟ್ಟಿನ ಅಂಚು ಒಡೆಯುತ್ತದೆ. ಸುಣ್ಣ ಚಿಮ್ಮಿ ನೇರ ಕಣ್ಣಿಗೆ ಬೀಳುತ್ತದೆ.

ಇದು ಹೊಸ ಸುದ್ದಿಯಲ್ಲ. ದೆಹಲಿಯ ಏಮ್ಸ್ ವೈದ್ಯರು 2003ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಪ್ಯಾಕೆಟ್ಟುಗಳ ಅಪಾಯದ ಬಗ್ಗೆ ಎಚ್ಚರಿಕೆ ಬರೆದಿದ್ದರು. ಎರಡು ದಶಕ ಕಳೆದವು. ಪ್ಯಾಕೆಟ್ಟು ಇದ್ದಲ್ಲೇ ತೂಗುತ್ತಿದೆ.

ರಾಸಾಯನಿಕ ಬಿದ್ದು ಕಣ್ಣು ಸುಡುವುದೆಂದರೆ ಕಾರ್ಖಾನೆಯ ಕಾರ್ಮಿಕರ ಪಾಡು ಎಂದು ನಾವು ನಂಬಿಕೊಂಡಿದ್ದೇವೆ. ಅಮೆರಿಕದಲ್ಲಿ 2010ರಿಂದ 2013ರವರೆಗೆ ಇಂಥ ಗಾಯಕ್ಕೆ ತುರ್ತು ಚಿಕಿತ್ಸಾ ಘಟಕಗಳಿಗೆ ಬಂದ ಪ್ರಕರಣಗಳು ಸುಮಾರು 1,44,000. ವಯಸ್ಸುವಾರು ಪ್ರಮಾಣ ತೆಗೆದಾಗ ಎಲ್ಲರಿಗಿಂತ ಮೇಲಿದ್ದವರು ದುಡಿಯುವ ಗಂಡಸರಲ್ಲ, ಒಂದು ವರ್ಷದ ಕೂಸುಗಳು; ಅವರ ಹಿಂದೆಯೇ ಎರಡು ವರ್ಷದವರು. ಅಲ್ಲಿ ಮನೆ ತೊಳೆಯುವ ದ್ರಾವಣದ ಬಾಟಲಿಗಳು, ನಮ್ಮಲ್ಲಿ ಅದರ ಜೊತೆಗೆ ಸುಣ್ಣ.

ಆ್ಯಸಿಡ್ ಎಂದರೆ ಎಲ್ಲರೂ ಬೆಚ್ಚುತ್ತಾರೆ. ಕಣ್ಣಿನ ಮಟ್ಟಿಗೆ ಕ್ಷಾರ ಅದಕ್ಕಿಂತಲೂ ಕ್ರೂರಿ. ಆ್ಯಸಿಡ್ ತಾಗಿದ ಕಡೆ ಪ್ರೋಟೀನು ಹೆಪ್ಪುಗಟ್ಟಿ ಎಷ್ಟೋ ಸಲ ಅದೇ ಅದರ ಮುನ್ನಡೆಗೆ ಅಡ್ಡವಾಗುತ್ತದೆ. ಸುಣ್ಣ, ಕಾಸ್ಟಿಕ್ ಸೋಡಾಗಳು ಜೀವಕೋಶಗಳ ಕೊಬ್ಬನ್ನು ಸಾಬೂನು ಮಾಡುತ್ತಾ ಒಳಗೊಳಗೇ ಇಳಿಯುತ್ತವೆ. ಸುಣ್ಣದ ಹರಳಂತೂ ರೆಪ್ಪೆಯಡಿ ಅಂಟಿ ಕುಳಿತು ಗಂಟೆಗಟ್ಟಲೆ ಸುಡುತ್ತಲೇ ಇರುತ್ತದೆ. ಸಣ್ಣ ಗಾಯ ಮಾಯುತ್ತದೆ, ನಿಜ. ದೊಡ್ಡದಾದರೆ ಕಾರ್ನಿಯಾದ ಸುತ್ತಂಚಿನಲ್ಲಿರುವ ಕಾಂಡಕೋಶಗಳು ಸಾಯುತ್ತವೆ. ಕಣ್ಣಿನ ಮೇಲ್ಪದರ ಮತ್ತೆ ಬೆಳೆಯಬೇಕಾದದ್ದು ಅವುಗಳಿಂದಲೇ. ಅವು ಹೋದರೆ ಬಿಳಿ ಪೊರೆ ಕವಿಯುತ್ತದೆ. ಗಾಯ ಆಳವಾಗಿದ್ದರೆ ರೆಪ್ಪೆ ಗುಡ್ಡೆಗೆ ಅಂಟಿಕೊಳ್ಳಬಹುದು, ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾವೂ ಬರಬಹುದು. ಯಾರೋ ದಾನ ಮಾಡಿದ ಕಾರ್ನಿಯಾವನ್ನು ಅಂಥ ಕಣ್ಣಿಗೆ ಹೊಲಿದರಷ್ಟೇ ಸಾಲದು, ಅದು ಉಳಿಯುವುದಿಲ್ಲ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಅದರಿಂದ ಚೂರು ಅಂಗಾಂಶ ತೆಗೆದು ಕಸಿ ಮಾಡುವ ಸರಳ ವಿಧಾನವೊಂದನ್ನು ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು 2012ರಲ್ಲಿ ಪ್ರಕಟಿಸಿದರು. ಎರಡೂ ಕಣ್ಣಿಗೆ ಸಿಡಿದಿದ್ದರೆ ಆ ದಾರಿಯೂ ಮುಚ್ಚಿತು.

ಮಕ್ಕಳಿಗೆ ಇನ್ನೊಂದು ಏಟೂ ಇದೆ. ಎಳೆ ವಯಸ್ಸಿನಲ್ಲಿ ಒಂದು ಕಣ್ಣು ಬಹುಕಾಲ ಮಂಜಾಗಿದ್ದರೆ ಮಿದುಳು ಆ ಕಣ್ಣಿನಿಂದ ನೋಡುವುದನ್ನು ಕಲಿಯುವುದೇ ಇಲ್ಲ.

ಕಣ್ಣು ಉಳಿಯುವುದು ಬಹುಪಾಲು ಮೊದಲ ನಿಮಿಷಗಳಲ್ಲೇ, ಆಸ್ಪತ್ರೆ ಮುಟ್ಟುವ ಮೊದಲೇ. ನೀರು ಹಾಕಿದರೆ ಸುಣ್ಣ ಕುದಿಯುತ್ತದೆಂದು ಹೆದರಿ ಕೂರಬೇಡಿ. ಎದೆಹಾಲು, ಹರಳೆಣ್ಣೆ, ನಿಂಬೆಹುಳಿ ಯಾವುದೂ ಬೇಡ. ಮಗುವನ್ನು ನಲ್ಲಿಯ ಕೆಳಗೋ ಕೊಡದ ಪಕ್ಕಕ್ಕೋ ಮಲಗಿಸಿ, ರೆಪ್ಪೆ ಅಗಲಿಸಿ ಹಿಡಿದು, ಅತ್ತರೂ ಒದ್ದಾಡಿದರೂ ಬಿಡದೆ ಅರ್ಧ ಗಂಟೆ ಶುದ್ಧ ನೀರು ಸುರಿಯಿರಿ. ಕಾಣುವ ಸುಣ್ಣವನ್ನು ಒದ್ದೆ ಹತ್ತಿಯಿಂದ ತೆಗೆಯಿರಿ. ಆಮೇಲೆ ತಡಮಾಡದೆ ಕಣ್ಣಿನ ವೈದ್ಯರ ಬಳಿ ಹೊರಡಿ, ರೆಪ್ಪೆ ಮಗುಚಿ ಉಳಿದ ಹರಳು ಹುಡುಕಬೇಕಾದವರು ಅವರು.

2013ರಲ್ಲಿ ಸುಪ್ರೀಂ ಕೋರ್ಟ್, ಆ್ಯಸಿಡ್ ಮಾರುವವರು ಕೊಳ್ಳುವವರ ವಿವರ ಬರೆದಿಡಬೇಕು, ಹದಿನೆಂಟು ತುಂಬದವರಿಗೆ ಕೊಡಲೇಬಾರದು ಎಂದಿತು. ಕಣ್ಣನ್ನು ಅಷ್ಟೇ ಹಾಳುಮಾಡಬಲ್ಲ ಸುಣ್ಣವನ್ನು ನಾವು ಆರು ವರ್ಷದವನ ಕೈಗೆ ಕೊಟ್ಟು ‘ಹುಷಾರಾಗಿ ಹೋಗು ಮಗಾ’ ಅನ್ನುತ್ತೇವೆ. ಇದು ವಿಧಿಯಲ್ಲ, ನಮ್ಮ ಸೋಮಾರಿತನ. ತಯಾರಕರೇ, ಹಿಸುಕಿದರೆ ಒಡೆಯುವ ಚೀಲ ಬಿಟ್ಟು ಗಟ್ಟಿ ಡಬ್ಬಿಗೆ ಬನ್ನಿ, ಮೇಲೆ ಕನ್ನಡದಲ್ಲಿ ದಪ್ಪಕ್ಷರದ ಎಚ್ಚರಿಕೆ ಅಚ್ಚು ಹಾಕಿ. ಸರ್ಕಾರ ಅದನ್ನು ಕಡ್ಡಾಯ ಮಾಡಲಿ. ಅಂಗಡಿಯವರೇ, ಮಗು ಬಂದು ಕೇಳಿದರೆ ‘ಮನೆಯಲ್ಲಿ ದೊಡ್ಡವರನ್ನು ಕಳಿಸು’ ಎನ್ನಿ. ತಾತಂದಿರೇ, ಅಜ್ಜಿಯರೇ, ನಿಮ್ಮ ಎಲೆ ಅಡಿಕೆಗೆ ನನ್ನ ತಕರಾರಿಲ್ಲ. ಸುಣ್ಣ ಮುಗಿದರೆ ಅಂಗಡಿಗೆ ನೀವೇ ಹೋಗಿ.