ಬರೆಯುವ ಮೇಜು

ಮನೆಯಲ್ಲಿ ಬರೆಯುವವರಿಗೆ ಒಂದು ಪ್ರತ್ಯೇಕ ಸ್ಥಳವಿರುವುದು ವಿಲಾಸವಲ್ಲ, ಆವಶ್ಯಕವೇ ಸರಿ. ನಿವೃತ್ತನಾದೊಡನೆ ನಾನು ಬಡಗಿಯಿಂದ ಒಂದು ಮೇಜನ್ನು ಮಾಡಿಸಿ, ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವಂತೆ ಇರಿಸಿದೆನು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಬಲದಿಂದ ಬಂದರೆ ಕೈಯ ನೆರಳೇ ಅಕ್ಷರಗಳನ್ನು ಮುಸುಕುವುದು. ಎಡಗೈಯವರಿಗೆ ಇದು ವಿಪರ್ಯಯ. ಕುಳಿತಾಗ ಪಾದಗಳು ನೆಲದ ಮೇಲೆ ಊರಿ, ಹೆಗಲು ಏರದೆ, ಮೊಣಕೈ ಹಲಗೆಯ ಮಟ್ಟಕ್ಕೆ ಬಂದರೆ ಎತ್ತರವು ಸರಿಯೆಂದು ತಿಳಿಯಬೇಕು. ಮೇಜಿನ ಮೇಲೆ ಆ ದಿನದ ಬರೆಹ ಮಾತ್ರವಿರಲಿ. ೧೮೯೪ರಲ್ಲಿ ಮೊದಲು ಅಚ್ಚಾದ ಕಿಟ್ಟೆಲರ ನಿಘಂಟಿನಂತಹ ಗ್ರಂಥಗಳು ಕೈಗೆಟಕುವ ಗೂಡಿನಲ್ಲಿಯೂ, ಮೊಬೈಲು ಬೇರೆ ಕೋಣೆಯಲ್ಲಿಯೂ ಇರತಕ್ಕುದು.

ಇಷ್ಟು ಬಲ್ಲ ನಾನೇ ಒಂದು ಪ್ರಮಾದವನ್ನು ಮಾಡಿದೆನು. ಮೇಜನ್ನು ಚೊಕ್ಕಟಗೊಳಿಸುವ ಉತ್ಸಾಹದಲ್ಲಿ, ಅಡಿಗೆಮನೆಯಿಂದ ಬಂದು ಸೇರಿದ್ದ ಕ್ಯಾಲೆಂಡರಿನ ಹಳೆಯ ಹಾಳೆಗಳನ್ನು ರದ್ದಿಯವನಿಗೆ ಕೊಟ್ಟುಬಿಟ್ಟೆನು. ಅವುಗಳ ಬೆನ್ನಿನಲ್ಲಿ ನನ್ನ ಗೃಹಿಣಿಯು ರಚಿಸಿದ್ದ ಆರತಿಯ ಹಾಡುಗಳಿದ್ದುವು. ೩೦ ವರ್ಷಗಳ ಕಾಲ ಆಕೆ ಬರೆದುದು ಅಕ್ಕಿಡಬ್ಬದ ಮುಚ್ಚಳದ ಮೇಲೆ. "ಹೋಗಲಿ ಬಿಡಿ, ಎಲ್ಲ ನನಗೆ ಬಾಯಿಗೆ ಬರುತ್ತೆ" ಎಂದಳು. ಗೌರಿಹಬ್ಬದ ದಿನ ಹಾಡತೊಡಗಿದಾಗ ಮೂರನೆಯ ನುಡಿ ನೆನಪಿಗೆ ಬರಲಿಲ್ಲ; ಎರಡನೆಯದನ್ನೇ ಮತ್ತೊಮ್ಮೆ ಹಾಡಿ ಮುಗಿಸಿದಳು.

ಈಗ ಎಡಗಡೆಯ ಡ್ರಾಯರು ಆಕೆಯದು. ಮಧ್ಯಾಹ್ನದ ಮೇಲೆ ಮೇಜೂ ಆಕೆಯದೇ. ಮೇಜನ್ನು ಮಾಡಿಸಲಿರುವ ವಾಚಕರು ಅಳತೆಯನ್ನು ಹಿಡಿಯುವುದಕ್ಕೆ ಮೊದಲು, ತಮ್ಮ ಮನೆಯಲ್ಲಿ ಬರೆಯುವವರು ಯಾರು ಯಾರೆಂಬುದನ್ನು ವಿಚಾರಿಸಿಕೊಳ್ಳಬೇಕು.